ಹದ್ದೆಂಬ ಒಂದೇ ಹೆಸರು ಸಾಲದು

ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಾಗಲಿ, ಅಥಣಿಯ ಸಂತೆಯಲ್ಲಾಗಲಿ ನಿಂತು, ಆಕಾಶದಲ್ಲಿ ರೆಕ್ಕೆ ಚಾಚಿ ಸುತ್ತುತ್ತಿರುವ ಹಕ್ಕಿಯೊಂದನ್ನು ತೋರಿಸಿ, 'ಅದಾವ ಹಕ್ಕಿ?' ಎಂದು ಹತ್ತು ಮಂದಿಯನ್ನು ಕೇಳಿದರೆ ಒಂಬತ್ತು ಮಂದಿ 'ಹದ್ದು' ಎನ್ನುವರು. ಹತ್ತನೆಯವನು 'ಗರುಡ' ಎಂದು ಕೈ ಮುಗಿದಾನು. ಗಿಳಿ, ಪಾರಿವಾಳ, ಬೆಳವ, ಕೊಕ್ಕರೆಗಳನ್ನು ತಪ್ಪದೆ ಗುರುತಿಸುವ ಇದೇ ಜನರು, ಬಾಗಿದ ಕೊಕ್ಕೂ ಹರಿತವಾದ ಉಗುರೂ ಉಳ್ಳ ಬೇಟೆಯ ಹಕ್ಕಿಗಳನ್ನು ಮಾತ್ರ ಒಂದೇ ಹೆಸರಿನ ಚೀಲದಲ್ಲಿ ತುಂಬಿಬಿಡುತ್ತಾರೆ. ಇದರಿಂದ ಏನು ಕೆಟ್ಟಿತು ಎಂದು ವಾಚಕರು ಕೇಳಬಹುದು. ಬಹಳವೇ ಕೆಟ್ಟಿತು ಎಂಬುದು ನಮ್ಮ ಅಭಿಪ್ರಾಯ. ಹೆಸರಿಲ್ಲದುದು ಲೆಕ್ಕಕ್ಕೆ ಬಾರದು. ಲೆಕ್ಕಕ್ಕೆ ಬಾರದುದು ಕಳೆದುಹೋದರೂ ತಿಳಿಯದು.

ನಮ್ಮ ನುಡಿಯಲ್ಲಿ ಹೆಸರುಗಳಿಗೆ ಬಡತನವಿದ್ದಿತೆಂದು ಯಾರೂ ಭಾವಿಸಬಾರದು. ಹದ್ದು, ಗರುಡ, ಗಿಡುಗ, ಡೇಗೆ, ಚಾಣ, ಸೆಳೆವ, ಸಾಳುವ, ರಣಹದ್ದು ಇವೆಲ್ಲವೂ ಕನ್ನಡದಲ್ಲಿ ಬಳಕೆಯಾದ ಮಾತುಗಳೇ. ಬೇಟೆಗೆ ಪಳಗಿಸುತ್ತಿದ್ದ ಡೇಗೆಯನ್ನು ಸೂಚಿಸುವ 'ಸಾಳುವ' ಎಂಬ ಶಬ್ದವು ವಿಜಯನಗರವನ್ನಾಳಿದ ಒಂದು ರಾಜವಂಶಕ್ಕೇ ಹೆಸರಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಡೇಗೆಗಳಿಂದ ಬೇಟೆಯಾಡಿಸುವ ವಿನೋದವನ್ನು ಅರಸರ ವಿನೋದಗಳಲ್ಲೊಂದಾಗಿ ವರ್ಣಿಸಿದ್ದಾನೆ. ಈ ಹಕ್ಕಿಗಳನ್ನು ಹಿಡಿದು ಪಳಗಿಸಬೇಕಾದವನು ಅವುಗಳ ಜಾತಿ, ವಯಸ್ಸು, ಸ್ವಭಾವಗಳನ್ನು ಅರಿಯದೆ ಇರುವಂತಿರಲಿಲ್ಲ. ಅರಸರ ಬೇಟೆ ಹೋಯಿತು. ಅದು ಹೋದುದು ಒಳ್ಳೆಯದೇ ಆಯಿತು. ಆದರೆ ಅದರೊಡನೆ ಆ ಅರಿವೂ ಹೋಯಿತೆಂಬುದು ಮಾತ್ರ ಒಳ್ಳೆಯದಲ್ಲ.

ಅರಿವು ಹೋದುದರ ಫಲವನ್ನು ನಾವು ರಣಹದ್ದುಗಳ ವಿಷಯದಲ್ಲಿ ಉಂಡಿದ್ದೇವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳು ದನಕರುಗಳಿಗೂ ಚರ್ಮದ ಕಸುಬಿಗೂ ಹೆಸರಾದ ಸೀಮೆ. 'ಕೊಲ್ಹಾಪುರಿ' ಎಂದು ಲೋಕಪ್ರಸಿದ್ಧವಾದ ಪಾದರಕ್ಷೆಗಳನ್ನು ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳೂ ತಲೆಮಾರುಗಳಿಂದ ಹೊಲಿಯುತ್ತ ಬಂದಿದ್ದಾರೆ. ೨೦೧೯ರಲ್ಲಿ ಅವುಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ಬಂದಿತು. ಸತ್ತ ದನದ ತೊಗಲನ್ನು ಸುಲಿದ ಮೇಲೆ ಉಳಿದ ಕಳೇಬರವನ್ನು ಊರ ಹೊರಗಿನ ಬಯಲಿನಲ್ಲಿ ರಣಹದ್ದುಗಳು ಕೆಲವೇ ಗಳಿಗೆಗಳಲ್ಲಿ ಎಲುಬಿನ ಗೂಡಾಗಿಸುತ್ತಿದ್ದುವು. ಈ ನೋಟವನ್ನು ಕಂಡ ಹಿರಿಯರು ಇನ್ನೂ ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ರಣಹದ್ದುಗಳು ಯಾವ ವರ್ಷದಿಂದ ಬರಲಿಲ್ಲ, ಮೊದಲು ಎಷ್ಟಿದ್ದುವು, ಅವುಗಳಲ್ಲಿ ಎಷ್ಟು ಬಗೆ ಇದ್ದುವು ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ನೋಡಿದವರು ಅನೇಕರಿದ್ದರು, ಬರೆದಿಟ್ಟವರಿರಲಿಲ್ಲ.

ಇದಕ್ಕೆ ಪ್ರತಿಯಾಗಿ ರಾಜಸ್ಥಾನದ ಭರತಪುರದ ಸಂಗತಿಯನ್ನು ನೋಡಿರಿ. ಅಲ್ಲಿನ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶರು ೧೯೮೦ರ ದಶಕದಲ್ಲಿ ಬೇಟೆಹಕ್ಕಿಗಳನ್ನು ಜಾತಿವಾರು ಎಣಿಸಿದ್ದರು. ಮುಂದಿನ ದಶಕದಲ್ಲಿ ಮತ್ತೆ ಎಣಿಸಿದಾಗ ರಣಹದ್ದುಗಳು ಕ್ಷಿಪ್ರವಾಗಿ ನಶಿಸುತ್ತಿರುವುದು ಸ್ಪಷ್ಟವಾಯಿತು. ಹಳೆಯ ಲೆಕ್ಕವಿದ್ದುದರಿಂದಲೇ ಹೊಸ ಲೆಕ್ಕಕ್ಕೆ ಅರ್ಥ ಬಂದಿತು. ಅನಂತರ ನಡೆದ ಶೋಧನೆಯಿಂದ, ದನಕರುಗಳ ನೋವು ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವೇ ಕಾರಣವೆಂದು ೨೦೦೪ರಲ್ಲಿ ಗೊತ್ತಾಯಿತು. ಔಷಧ ಪಡೆದ ಸ್ವಲ್ಪ ಕಾಲದಲ್ಲೇ ಸತ್ತ ದನದ ಮಾಂಸವನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಒಳಾಂಗಗಳ ಮೇಲೆ ಬೂದಿ ಬಳಿದಂತೆ ಕೂಡಿಕೊಂಡು ಹಕ್ಕಿಯು ಸಾಯುತ್ತಿದ್ದಿತು. ೧೯೯೨ರಿಂದ ೨೦೦೭ರೊಳಗೆ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇಕಡಾ ೯೯.೯ರಷ್ಟು ಕುಗ್ಗಿದ್ದಿತು. ಪಶುಚಿಕಿತ್ಸೆಯಲ್ಲಿ ಆ ಔಷಧದ ಬಳಕೆಯನ್ನು ಸರ್ಕಾರವು ೨೦೦೬ರಲ್ಲಿ ನಿಷೇಧಿಸಿತು. ಅದೇ ಬಗೆಯ ಕೇಡು ಮಾಡುವ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳನ್ನು ೨೦೨೩ರಲ್ಲಿ ನಿಷೇಧಿಸಲಾಯಿತು. ರಣಹದ್ದುಗಳಿಗೆ ಅಪಾಯವಿಲ್ಲದ ಮೆಲೊಕ್ಸಿಕಾಮ್ ಎಂಬ ಬದಲಿ ಔಷಧವು ಇಂದು ದೊರೆಯುತ್ತದೆ. ಆದರೆ ಸತ್ತ ಹಕ್ಕಿಗಳು ತಿರುಗಿ ಬರುವುದು ಅಷ್ಟು ಸುಲಭವಲ್ಲ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುವ ಹಕ್ಕಿ.

ಆದುದರಿಂದ ಬೇಟೆಹಕ್ಕಿಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವುದು ಬರಿಯ ಹವ್ಯಾಸವಲ್ಲ. ಒಂದು ಸೀಮೆಯ ಆರೋಗ್ಯವನ್ನು ಅಳೆಯುವ ಕೆಲಸ. ಈ ಕೆಲಸಕ್ಕೆ ಪ್ರಯೋಗಶಾಲೆ ಬೇಡ. ಒಂದು ದುರ್ಬೀನು ಇದ್ದರೆ ಒಳಿತು, ಇಲ್ಲದಿದ್ದರೂ ನಡೆಯುವುದು. ಹಕ್ಕಿ ಕಂಡೊಡನೆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಗಾತ್ರವೆಷ್ಟು: ಪಾರಿವಾಳದಷ್ಟೋ, ಕಾಗೆಯಷ್ಟೋ, ಅದಕ್ಕಿಂತ ದೊಡ್ಡದೋ? ರೆಕ್ಕೆ ಮತ್ತು ಬಾಲದ ಆಕಾರವೇನು? ಹಾರುವ ರೀತಿ ಯಾವುದು? ಕಂಡ ನೆಲ ಮತ್ತು ಋತು ಯಾವುವು? ಬಣ್ಣವನ್ನು ಕಡೆಗೆ ನೋಡಬೇಕು. ಬೇಟೆಹಕ್ಕಿಗಳಲ್ಲಿ ಗಂಡು, ಹೆಣ್ಣು, ಮರಿಗಳ ಬಣ್ಣಗಳು ಬೇರೆಬೇರೆಯಾಗಿರುವುದರಿಂದ ಬಣ್ಣವು ಮೋಸ ಮಾಡುವುದುಂಟು. ಇವುಗಳಲ್ಲಿ ಬಹುಪಾಲು ಜಾತಿಗಳಲ್ಲಿ ಹೆಣ್ಣೇ ಗಂಡಿಗಿಂತ ದೊಡ್ಡದೆಂಬುದನ್ನೂ ನೆನಪಿಡಬೇಕು.

ಇನ್ನು ನಮ್ಮ ಐದು ತಾಲ್ಲೂಕುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಒಮ್ಮೆ ಸುತ್ತಿಬರೋಣ. ಪಶ್ಚಿಮದಂಚಿನಲ್ಲಿರುವ ನಿಪ್ಪಾಣಿಯು ತಂಬಾಕಿನ ಪೇಟೆಯೆಂದು ಪ್ರಸಿದ್ಧವಾದುದು. ಊರ ನಡುವೆ, ಮಾಂಸದ ಅಂಗಡಿಗಳ ಮೇಲೆ, ಕಸದ ತಿಪ್ಪೆಗಳ ಮೇಲೆ ಗಿರಕಿ ಹೊಡೆಯುವ ಕಡುಕಂದು ಬಣ್ಣದ ಹಕ್ಕಿಯೇ ನಿಜವಾದ ಹದ್ದು. ಬಾಲದ ತುದಿಯು ಕವಲೊಡೆದಿರುವುದು ಇದರ ಗುರುತು. ಆ ಬಾಲವನ್ನು ಚುಕ್ಕಾಣಿಯಂತೆ ಅತ್ತಿತ್ತ ಹೊರಳಿಸುತ್ತ ತಂತಿಗಳ ನಡುವೆಯೂ ನುಸುಳಿಬಿಡುತ್ತದೆ. ಊರ ತೋಪುಗಳಲ್ಲಿ, ಸಾಲುಮರಗಳಲ್ಲಿ ಶಿಕ್ರ ಎಂಬ ಪುಟ್ಟ ಗಿಡುಗವಿದೆ. ಪಾರಿವಾಳದ ಗಾತ್ರ, ಮೇಲೆ ಬೂದಿ ಬಣ್ಣ, ಎದೆಯ ಮೇಲೆ ಇಟ್ಟಿಗೆ ಬಣ್ಣದ ಸಣ್ಣ ಅಡ್ಡಗೆರೆಗಳು, ಗಿಡ್ಡನೆಯ ದುಂಡು ರೆಕ್ಕೆ, ಉದ್ದ ಬಾಲ. ನಾಲ್ಕಾರು ಸಲ ರೆಕ್ಕೆ ಬಡಿದು ತುಸು ತೇಲಿ ಮತ್ತೆ ಬಡಿಯುವುದು ಇದರ ಚಾಳಿ. ಅಳಿಲುಗಳೂ ಹರಟೆಮಲ್ಲಗಳೂ ಒಮ್ಮೆಲೇ ಗದ್ದಲವೆಬ್ಬಿಸಿದರೆ ಶಿಕ್ರ ಹತ್ತಿರದಲ್ಲೇ ಇದೆಯೆಂದು ತಿಳಿಯಬಹುದು. ತವಂದಿ ಘಾಟದ ಗುಡ್ಡಗಳಲ್ಲಿ, ಬಿಸಿಲೇರಿ ನೆಲ ಕಾಯುವ ಹೊತ್ತಿಗೆ, ಅಂದರೆ ಬೆಳಗಿನ ಒಂಬತ್ತು ಗಂಟೆಯ ಅನಂತರ, ಕಣ್ಣನ್ನು ಮೇಲಕ್ಕೆತ್ತಿರಬೇಕು. ಕಾದ ಗಾಳಿಯು ಮೇಲೇಳುವಾಗ ಅದನ್ನೇ ಏಣಿಯಾಗಿಸಿಕೊಂಡು ದೊಡ್ಡ ರೆಕ್ಕೆಯ ಹಕ್ಕಿಗಳು ರೆಕ್ಕೆ ಬಡಿಯದೆಯೇ ಎತ್ತರಕ್ಕೇರುವುವು.

ಚಿಕ್ಕೋಡಿ ಮತ್ತು ಕಾಗವಾಡಗಳು ನದಿಯ ಸೀಮೆ. ಯಡೂರ, ಕಲ್ಲೋಳಗಳ ಬಳಿ ದೂಧಗಂಗೆಯು ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹೊಳೆಯ ಇಕ್ಕೆಲಗಳಲ್ಲಿ ಉಗಾರದವರೆಗೂ ಕಬ್ಬಿನ ಹಸಿರು ಹಬ್ಬಿದೆ. ನೀರಿನ ಮಗ್ಗುಲಲ್ಲಿ ಗರುಡನನ್ನು ಅರಸಬೇಕು. ಮೈಯೆಲ್ಲ ಕಾವಿಗೆಂಪು, ತಲೆ ಮತ್ತು ಎದೆ ಬಿಳುಪು, ಇದನ್ನು ತಪ್ಪುವವರಿಲ್ಲ. ಆದರೆ ಗರುಡನ ಮರಿಯು ಕಂದು ಬಣ್ಣದ್ದಾಗಿ ಹದ್ದನ್ನೇ ಹೋಲುತ್ತದೆ. ಆಗ ಬಾಲವನ್ನು ನೋಡಬೇಕು: ಹದ್ದಿನದು ಕವಲು, ಗರುಡನದು ದುಂಡು. ಚಳಿಗಾಲದಲ್ಲಿ ಹೊಳೆಯಂಚಿನ ಜೊಂಡಿನ ಮೇಲೆ, ನೀರು ನಿಂತ ಗದ್ದೆಗಳ ಮೇಲೆ, ಕಡುಕಂದು ಮೈಯ, ಕೆನೆ ಬಣ್ಣದ ತಲೆಯ ಹಕ್ಕಿಯೊಂದು ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ನಿಧಾನವಾಗಿ ತೇಲುತ್ತಿದ್ದರೆ ಅದು ಜೌಗು ಸೆಳೆವದ ಹೆಣ್ಣು. ನೆರೆಯ ಗೋಕಾಕ ತಾಲ್ಲೂಕಿನಲ್ಲಿ ೧೯೭೪ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮವಿದೆ. ನೀರಹಕ್ಕಿಗಳನ್ನು ನೋಡಲು ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು, ಆ ಹಕ್ಕಿಗಳ ಹಿಂಡು ಹಠಾತ್ತನೆ ಮೇಲೆದ್ದಾಗ ಅವನ್ನೆಬ್ಬಿಸಿದವರು ಯಾರೆಂದು ತಲೆಯೆತ್ತಿ ನೋಡುವುದನ್ನು ಕಲಿಯಬೇಕು.

ರಾಯಬಾಗದಲ್ಲಿ ನೀರಾವರಿಯ ಹೊಲವೂ ಕಲ್ಲುಮಡ್ಡಿಯೂ ಬೆರೆತಿವೆ. ಹೊಲಗಳ ನಡುವಿನ ವಿದ್ಯುತ್ ತಂತಿಯ ಮೇಲೆ ಕಾಗೆಯಷ್ಟೇ ದೊಡ್ಡ, ಬೆಳ್ಳಿಬೂದಿ ಬಣ್ಣದ, ಹೆಗಲ ಮೇಲೆ ಕಪ್ಪು ಮಚ್ಚೆಯ, ಕೆಂಪು ಕಣ್ಣಿನ ಹಕ್ಕಿ ಕುಳಿತಿದ್ದರೆ ಅದು ರಾಮದಾಸ ಹದ್ದು. ಇದು ಹಾರುತ್ತ ಹಾರುತ್ತ ಆಕಾಶದಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಇಲಿಯನ್ನು ಕಂಡೊಡನೆ ಕಾಲುಗಳನ್ನು ಇಳಿಬಿಟ್ಟು ಕೆಳಗಿಳಿಯುತ್ತದೆ. ಹೀಗೆಯೇ ಗಾಳಿಯಲ್ಲಿ ನಿಲ್ಲುವ ಮತ್ತೊಂದು ಹಕ್ಕಿ ಚಾಣ. ಇದರ ಬೆನ್ನು ಇಟ್ಟಿಗೆಗೆಂಪು, ರೆಕ್ಕೆಯ ತುದಿ ಚೂಪು, ಬಾಲ ಉದ್ದ. ಇದು ನಮ್ಮ ಬಯಲುಗಳಲ್ಲಿ ಹೆಚ್ಚಾಗಿ ಚಳಿಗಾಲದ ಅತಿಥಿ. ಇಬ್ಬರೂ ಒಂದೇ ವಿದ್ಯೆಯನ್ನು ಬಲ್ಲವರಾದರೂ ಒಬ್ಬನದು ಬೆಳ್ಳಿ, ಮತ್ತೊಬ್ಬನದು ಇಟ್ಟಿಗೆ ಎಂದು ನೆನಪಿಟ್ಟರೆ ಸಾಕು. ಮುಸ್ಸಂಜೆಯಲ್ಲಿ ಪಾಳು ವಾಡೆಗಳ ಅಟ್ಟಗಳಿಂದ ಹೊರಡುವ, ಹೃದಯಾಕಾರದ ಬಿಳಿಯ ಮುಖವುಳ್ಳ ಕಣಜಗೂಬೆಯನ್ನೂ, ಕಲ್ಲುಗಣಿಗಳ ಗೋಡೆಗಳಲ್ಲಿ ಕೂರುವ ಕೊಂಬಿನ ಗೂಬೆಯನ್ನೂ ಬೇಟೆಹಕ್ಕಿಗಳ ಪಟ್ಟಿಯಿಂದ ಬಿಡಬಾರದು. ಗೂಬೆಯು ಕೂರುವ ತಾಣದ ಕೆಳಗೆ, ಅದು ನುಂಗಿ ಜೀರ್ಣವಾಗದೆ ಉಗುಳಿದ ಎಲುಬು ಮತ್ತು ಕೂದಲಿನ ಉಂಡೆಗಳು ಬಿದ್ದಿರುವುವು. ಒಂದು ಉಂಡೆಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಇಲಿಯ ತಲೆಬುರುಡೆಗಳನ್ನು ಎಣಿಸಿದ ವಿದ್ಯಾರ್ಥಿಯು ಗೂಬೆಯನ್ನು ಇನ್ನೆಂದೂ ಅಪಶಕುನವೆನ್ನಲಾರನು.

ಕಟ್ಟಕಡೆಗೆ ಅಥಣಿ. ತಾಲ್ಲೂಕಿನ ಪೂರ್ವಭಾಗ, ತೆಲಸಂಗದ ಕಡೆಯದು, ಮಳೆಯನ್ನೇ ನೆಚ್ಚಿದ ಬಯಲು: ಎರೆಯ ಹೊಲ, ಹುಲ್ಲಿನ ಮಡ್ಡಿ, ಅಲ್ಲಲ್ಲಿ ಜಾಲಿ. ನೋಡುವವರಿಗೆ ಬರಿದಾಗಿ ತೋರುವ ಇಂಥ ನೆಲವೇ ಬೇಟೆಹಕ್ಕಿಗಳಿಗೆ ಅತ್ಯಂತ ಸಂಪನ್ನವಾದುದು. ಹಿಂಗಾರಿ ಜೋಳ ಮೊಣಕಾಲೆತ್ತರ ಬೆಳೆಯುವ ಹೊತ್ತಿಗೆ, ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಸಾವಿರಾರು ಮೈಲಿ ಹಾರಿ ಸೆಳೆವಗಳು ದಖ್ಖನಿನ ಬಯಲುಗಳಿಗೆ ಬಂದಿಳಿಯುತ್ತವೆ. ಗಂಡು ತಿಳಿಬೂದಿ ಬಣ್ಣದ್ದು, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು, ಸೊಂಟದ ಮೇಲೆ ಬಿಳಿಯ ಪಟ್ಟಿ. ರೆಕ್ಕೆಯುದ್ದಕ್ಕೂ ಒಂದು ಕಪ್ಪು ಗೆರೆಯಿದ್ದರೆ ಆ ಗಂಡು ಮೊಂಟಾಗು ಸೆಳೆವ. ಗೆರೆಯಿಲ್ಲದೆ ತುದಿಯಲ್ಲಿ ಮಾತ್ರ ಕಪ್ಪಿನ ಬೆಣೆಯಿದ್ದರೆ ಮಾಸಲು ಸೆಳೆವ. ಎರಡರ ಹೆಣ್ಣುಗಳನ್ನು ಬೇರ್ಪಡಿಸುವುದು ಪಂಡಿತರಿಗೂ ಕಷ್ಟ. 'ಸೆಳೆವದ ಹೆಣ್ಣು' ಎಂದು ಬರೆದರೆ ಅವಮಾನವೇನಿಲ್ಲ. ಪೈರಿನ ಮೇಲೆ ಆಳುದ್ದದ ಎತ್ತರದಲ್ಲಿ, ನೇಗಿಲ ಸಾಲು ಹೊಡೆದಂತೆ ಹೋಗಿಬರುತ್ತ ಮಿಡತೆ, ಹಲ್ಲಿ, ಸಣ್ಣ ಹಕ್ಕಿಗಳನ್ನು ಸೆಳೆದೊಯ್ಯುವುದರಿಂದ ಆ ಹೆಸರು ಅದಕ್ಕೆ ಒಪ್ಪುತ್ತದೆ. ರಾತ್ರಿಯಲ್ಲಿ ಇವು ಮರವೇರದೆ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಇಂಥ ಬಯಲುಗಳಲ್ಲೇ ಹಾವುಗಳನ್ನು ಹಿಡಿಯುವ, ಗೂಬೆಯಂಥ ದಪ್ಪ ತಲೆಯ, ಹಳದಿ ಕಣ್ಣಿನ ದೊಡ್ಡ ಹಾವುಗಿಡುಗವನ್ನೂ, ಗಂಟಲಲ್ಲಿ ಕಪ್ಪು ನಡುಗೆರೆಯುಳ್ಳ ಬಿಳಿಗಣ್ಣಿನ ಗಿಡುಗವನ್ನೂ ಅರಸಬೇಕು.

ಈ ನೆಲವೇ ಇಂದು ವೇಗವಾಗಿ ಬದಲಾಗುತ್ತಿದೆ. ಕಬ್ಬಿನ ಬೆಳೆಯಲ್ಲಿ ಬೆಳಗಾವಿ ಜಿಲ್ಲೆಯು ರಾಜ್ಯದಲ್ಲೇ ಮುಂಚೂಣಿಯಲ್ಲಿದೆ. ನೀರು ಮುಟ್ಟಿದಲ್ಲೆಲ್ಲ ಜೋಳ, ಕಡಲೆ, ಕುಸುಬೆಗಳ ಹೊಲಗಳು ಕಬ್ಬಿಗೆ ಎಡೆಗೊಡುತ್ತಿವೆ. ಆಳೆತ್ತರಕ್ಕೂ ಮೀರಿ ದಟ್ಟವಾಗಿ ಬೆಳೆಯುವ ಕಬ್ಬಿನಲ್ಲಿ ಸೆಳೆವಕ್ಕೆ ಬೇಟೆಯು ಕಾಣದು, ಕೆಳಗಿಳಿಯಲು ಎಡೆಯಿರದು, ಮಲಗಲು ಹುಲ್ಲಿರದು. ಉಳಿದ ಮಡ್ಡಿ ಗಾಯರಾಣಗಳೋ, 'ಖರಾಬು' ಎಂಬ ಹಣೆಪಟ್ಟಿ ಹೊತ್ತಿರುವುದರಿಂದ, ಯಾರು ಏನು ಮಾಡಿದರೂ ನಡೆಯುತ್ತದೆ ಎಂಬಂತಾಗಿವೆ. ಹಕ್ಕಿಗೆ 'ಹದ್ದು' ಎಂಬ ಒಂದೇ ಹೆಸರು, ನೆಲಕ್ಕೆ 'ಖರಾಬು' ಎಂಬ ಒಂದೇ ಹೆಸರು. ಈ ಎರಡು ಸೋಮಾರಿ ಹೆಸರುಗಳು ಸೇರಿ ಒಂದು ಇಡೀ ಜೀವಲೋಕವನ್ನು ನಮ್ಮ ಕಣ್ಣಿಂದ ಮರೆಮಾಡಿವೆ. ೩೦,೦೦೦ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದಿಟ್ಟ ದಾಖಲೆಗಳನ್ನಾಧರಿಸಿ ೨೦೨೩ರಲ್ಲಿ ಹೊರಬಂದ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿಯು ೯೪೨ ಜಾತಿಗಳನ್ನು ಪರಿಶೀಲಿಸಿತು. ಮಾಂಸಾಹಾರಿ ಹಕ್ಕಿಗಳೂ, ಬಯಲುನೆಲದ ಹಕ್ಕಿಗಳೂ ಹೆಚ್ಚು ಕುಸಿತಕ್ಕೊಳಗಾದವುಗಳ ಸಾಲಿನಲ್ಲಿವೆ ಎಂಬುದು ಅದರ ನಿರ್ಣಯ. ಅಥಣಿಯ ಬಯಲಿನ ಸೆಳೆವವು ಈ ಎರಡು ವರ್ಗಗಳಿಗೂ ಸೇರಿದುದು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. 'ಬರದಲ್ಲಿ ಬೆಂದ ರೈತನಿಗೆ ನೀರು ಬಂದಿದೆ. ಹಕ್ಕಿಗಾಗಿ ಅವನು ಕಬ್ಬನ್ನು ಬಿಡಬೇಕೆ?' ಎಂದು ಕೇಳುವವರಿದ್ದಾರೆ. ಬಿಡಬೇಕೆಂದು ನಾವು ಹೇಳುವುದಿಲ್ಲ. ಮೇಜಿನ ಮುಂದೆ ಕುಳಿತು ಬಯಲಿನ ಸೊಬಗನ್ನು ಹೊಗಳುವವರಿಗೆ, ಕುಡಿಯುವ ನೀರಿಗಾಗಿ ಮೈಲುಗಟ್ಟಲೆ ನಡೆದವರ ಮುಂದೆ ಹಾಗೆ ಹೇಳುವ ಅಧಿಕಾರವಿಲ್ಲ. ನಾವು ಹೇಳುವುದು ಇಷ್ಟೇ: ಪ್ರತಿಯೊಂದು ಊರಿನಲ್ಲಿಯೂ ಉಳಿದಿರುವ ಗಾಯರಾಣವನ್ನಾದರೂ ಹುಲ್ಲಾಗಿಯೇ ಉಳಿಸಬೇಕು. ಅದು ದನಕ್ಕೆ ಮೇವು, ಸೆಳೆವಕ್ಕೆ ಹಾಸಿಗೆ. ಅಲ್ಲಿ ಗುಂಡಿ ತೋಡಿ ಒತ್ತಾಗಿ ಮರ ನೆಟ್ಟು 'ಅರಣ್ಯ ಮಾಡಿದೆವು' ಎನ್ನುವುದೂ ಈ ಹಕ್ಕಿಗಳ ಪಾಲಿಗೆ ಉಪಕಾರವಲ್ಲ. ಹುಲ್ಲುಗಾವಲು ಕೆಟ್ಟುಹೋದ ಕಾಡಲ್ಲ. ತನ್ನಷ್ಟಕ್ಕೆ ತಾನೇ ಪೂರ್ಣವಾದ ನೆಲ.

ಮತ್ತೊಂದು ಮಾತು ರೈತನ ಲಾಭಕ್ಕೇ ಸಂಬಂಧಿಸಿದುದು. ಕಬ್ಬಿದ್ದಲ್ಲಿ ಇಲಿಯುಂಟು. ಇಲಿಗೆ ಇಡುವ ಬ್ರೊಮಾಡಿಯೊಲೋನ್‌ನಂಥ ಪಾಷಾಣವು ರಕ್ತವು ಹೆಪ್ಪುಗಟ್ಟದಂತೆ ಮಾಡಿ ನಿಧಾನವಾಗಿ ಕೊಲ್ಲುತ್ತದೆ. ವಿಷ ತಿಂದು ತತ್ತರಿಸುತ್ತ ಹೊರಬಂದ ಇಲಿಯು ಗೂಬೆಗೂ ರಾಮದಾಸ ಹದ್ದಿಗೂ ಸುಲಭದ ತುತ್ತು. ಆ ತುತ್ತಿನೊಡನೆ ವಿಷವೂ ಒಳಹೋಗುತ್ತದೆ. ಕೂಲಿ ಕೇಳದೆ ಇಲಿ ಹಿಡಿಯುವ ಕಾವಲುಗಾರನನ್ನು ಕೊಂದು, ಹಣ ಕೊಟ್ಟು ಮತ್ತೆ ವಿಷವನ್ನು ಕೊಳ್ಳುವುದು ಯಾವ ಲೆಕ್ಕದ ಜಾಣತನ? ರಣಹದ್ದು ಹೋದ ಮೇಲೆ ತೆತ್ತ ಬೆಲೆ ಇದಕ್ಕಿಂತಲೂ ದೊಡ್ಡದು. ಅವು ತಿನ್ನಬೇಕಾಗಿದ್ದ ಕಳೇಬರಗಳು ಕೊಳೆತು ನೀರನ್ನು ಕೆಡಿಸಿದುವು, ಬೀದಿನಾಯಿಗಳು ಹೆಚ್ಚಿದುವು. ಇದರಿಂದ ೨೦೦೦ದಿಂದ ೨೦೦೫ರೊಳಗೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮನುಷ್ಯಮರಣಗಳು ಸಂಭವಿಸಿರಬೇಕೆಂದು ಇಬ್ಬರು ಅರ್ಥಶಾಸ್ತ್ರಜ್ಞರು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಬಹುದು, ಪಾಠದಲ್ಲಿ ಸಂದೇಹವಿಲ್ಲ.

ಹಾಗಾದರೆ ವಿದ್ಯಾರ್ಥಿಗಳು ಮಾಡಬೇಕಾದುದೇನು? ಪ್ರೌಢಶಾಲೆಯೊಂದರಲ್ಲಿ ಐದು ಜನ ಆಸಕ್ತರಿದ್ದರೆ ಸಾಕು. ಒಂದು ನೋಟುಬುಕ್ಕಿನಲ್ಲಿ ದಿನಾಂಕ, ವೇಳೆ, ಊರು, ಹೊಲದ ಬೆಳೆ, ಹಕ್ಕಿಯ ಜಾತಿ, ಸಂಖ್ಯೆ, ಅದು ಮಾಡುತ್ತಿದ್ದ ಕೆಲಸ ಇವನ್ನು ಬರೆಯಬೇಕು. ತಿಂಗಳಿಗೆರಡು ಬಾರಿ ಅದೇ ದಾರಿಯಲ್ಲಿ, ಅದೇ ವೇಳೆಯಲ್ಲಿ ನಡೆಯಬೇಕು. ಏನೂ ಕಾಣದ ದಿನ 'ಏನೂ ಕಾಣಲಿಲ್ಲ' ಎಂದೇ ಬರೆಯಬೇಕು. ಅದೂ ಒಂದು ಸಂಗತಿಯೇ. ಜಾತಿ ಗೊತ್ತಾಗದಿದ್ದರೆ ಊಹಿಸಿ ಬರೆಯುವುದಕ್ಕಿಂತ 'ಗೊತ್ತಾಗಲಿಲ್ಲ' ಎನ್ನುವುದು ವಿಜ್ಞಾನಕ್ಕೆ ಹತ್ತಿರ. ಆ ಲೆಕ್ಕವನ್ನು ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿದರೆ ಲೋಕದ ಪಕ್ಷಿವಿಜ್ಞಾನಿಗಳಿಗೂ ಅದು ದೊರೆಯುವುದು. ಗೂಡುಗಳ ಹತ್ತಿರ ಹೋಗಬಾರದು, ಮರಿಗಳನ್ನು ಮುಟ್ಟಬಾರದು. ಈ ಹಕ್ಕಿಗಳನ್ನು ಹಿಡಿಯುವುದೂ ಸಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಧ್ಯಾಪಕರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಜೀವಶಾಸ್ತ್ರದ ಪುಸ್ತಕದಲ್ಲಿ ಆಹಾರ ಸರಪಳಿಯ ಚಿತ್ರವನ್ನು ಬರೆಯಿಸುವ ಹೊತ್ತಿನಲ್ಲಿ, ಒಂದು ಗಂಟೆಯ ಮಟ್ಟಿಗಾದರೂ ಮಕ್ಕಳನ್ನು ಊರ ಹೊರಗಿನ ಹೊಲಕ್ಕೆ ಕರೆದೊಯ್ಯಿರಿ. ಸರಪಳಿಯ ತುದಿಯ ಕೊಂಡಿಯು ಅಲ್ಲಿ ತಂತಿಯ ಮೇಲೆ ಕುಳಿತಿರುತ್ತದೆ.

ರಣಹದ್ದು ನಮ್ಮ ಬಯಲುಗಳಿಂದ ಹೋದಾಗ ಅದನ್ನು ಬರೆದಿಟ್ಟವರು ಇಲ್ಲಿರಲಿಲ್ಲ. ಸೆಳೆವವು ಇನ್ನೂ ಬರುತ್ತಿದೆ. ಈ ವರ್ಷ ಹಿಂಗಾರಿ ಬಿತ್ತನೆಯ ಅನಂತರ ಅಥಣಿಯ ಬಯಲಿಗೆ ಎಷ್ಟು ಸೆಳೆವಗಳು ಬಂದುವು, ಅವುಗಳಲ್ಲಿ ಗಂಡೆಷ್ಟು, ಯಾವ ಊರಿನ ಹುಲ್ಲಿನಲ್ಲಿ ಮಲಗಿದುವು, ಯಾವ ವಾರದಲ್ಲಿ ಹಿಂದಿರುಗಿದುವು ಎಂಬುದನ್ನು ಬರೆದಿಡಬಲ್ಲವರು ಆ ಊರುಗಳ ವಿದ್ಯಾರ್ಥಿಗಳೇ ಹೊರತು ದೂರದ ನಗರದ ಪಂಡಿತರಲ್ಲ. ಇಪ್ಪತ್ತು ವರ್ಷಗಳ ಮೇಲೆ ಯಾರಾದರೂ ಬಂದು 'ಇಲ್ಲಿ ಮೊದಲು ಏನಿದ್ದಿತು?' ಎಂದು ಕೇಳಿದಾಗ, 'ಹದ್ದುಗಳಿದ್ದುವು' ಎಂಬ ಒಂದು ಮಾತಿಗಿಂತ ಹೆಚ್ಚಿನದು ನಮ್ಮ ತರುಣರ ನೋಟುಬುಕ್ಕುಗಳಲ್ಲಿ ಇರಬೇಕು.